ಚಳಿಗಾಲದ ಕರಿಬೇವಿಗೆ ನಿಜವಾಗಿ ಏನಾಗಿದೆ?

ಜನವರಿ ಬಂತೆಂದರೆ ಟೊರಾಂಟೊ, ಷಿಕಾಗೊ, ನ್ಯೂಜೆರ್ಸಿಗಳ ಅನೇಕ ಕನ್ನಡ ಮನೆಗಳಲ್ಲಿ ಒಂದು ಕುಂಡದ ಸುತ್ತ ಆತಂಕ ಶುರುವಾಗುತ್ತದೆ. ಬೇಸಿಗೆಯಿಡೀ ಹಿತ್ತಿಲಿನಲ್ಲಿ ನಳನಳಿಸುತ್ತಿದ್ದ ಕರಿಬೇವು, ಚಳಿಗೆ ಮನೆಯೊಳಗೆ ಬಂದ ಕೆಲವೇ ವಾರಗಳಲ್ಲಿ ಹಳದಿ ತಿರುಗುತ್ತದೆ. ಬಳಿಯಲ್ಲಿ ಹಾದುಹೋದರೆ ಸಾಕು, ಎಲೆ ಉದುರುತ್ತದೆ. ಬಾಯಾರಿದೆಯೇನೋ ಎಂದು ಒಬ್ಬರು ನೀರು ಹಾಕುತ್ತಾರೆ, ಶಕ್ತಿ ಸಾಲದೇನೋ ಎಂದು ಇನ್ನೊಬ್ಬರು ಗೊಬ್ಬರ ಹಾಕುತ್ತಾರೆ, ಊರಿನಿಂದ ಅಮ್ಮ ಫೋನಿನಲ್ಲಿ ಹುಳಿ ಮಜ್ಜಿಗೆ ಸುರಿಯಲು ಹೇಳುತ್ತಾರೆ. ಮಾರ್ಚ್ ಹೊತ್ತಿಗೆ ಕುಂಡದಲ್ಲಿ ಉಳಿಯುವುದು ಒಣಕಡ್ಡಿ. ಇಂತಹ ಗಿಡಗಳನ್ನು ಚಳಿಯೇ ಕೊಂದಿತೆಂದು ನಾನು ನಂಬುವುದಿಲ್ಲ. ಹೆಚ್ಚಿನವು ಸಾಯುವುದು ತಪ್ಪು ರೋಗಕ್ಕೆ ಮಾಡಿದ ಉಪಚಾರದಿಂದ.

ಹೋದರೆ ಹೋಗಲಿ, ಇನ್ನೊಂದು ತಂದರಾಯಿತು ಎನ್ನುವಂತೆಯೂ ಇಲ್ಲ. ಕರಿಬೇವು ನಿಂಬೆ, ಕಿತ್ತಳೆ, ಬಿಲ್ವಗಳ ಕುಟುಂಬಕ್ಕೆ ಸೇರಿದ ಗಿಡ. ಏಷ್ಯಾದ ಸಿಟ್ರಸ್ ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟಕ್ಕೆ ಈ ಕುಟುಂಬವೆಂದರೆ ಅಚ್ಚುಮೆಚ್ಚು, ಅದರಲ್ಲೂ ಕರಿಬೇವಿನ ಚಿಗುರು. ಈ ಕೀಟ 1998ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅದು ಹರಡುವ ಸಿಟ್ರಸ್ ಗ್ರೀನಿಂಗ್ ರೋಗ 2005ರಲ್ಲಿ ಅಲ್ಲೇ ಪತ್ತೆಯಾಯಿತು, ಮುಂದಿನ ವರ್ಷಗಳಲ್ಲಿ ಅಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿತು. ಆದ್ದರಿಂದಲೇ ಅಮೆರಿಕದಲ್ಲಿ ಕರಿಬೇವಿನ ಗಿಡದ ಸಾಗಣೆಗೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಬೆಂಗಳೂರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಸಸಿ ಅಡಗಿಸಿ ತರುವ ಆಲೋಚನೆಯನ್ನು ಯಾರೂ ಮಾಡಬಾರದು. ಒಂದು ಚಿಗುರಿನಲ್ಲಿ ಕುಳಿತ ಮೊಟ್ಟೆಗಳು ಸಾಕು, ಯಾರದೋ ತೋಟ ಹಾಳಾಗಲು. ಇರುವ ಗಿಡವನ್ನು ಉಳಿಸಿಕೊಳ್ಳುವುದೇ ದಾರಿ.

ಮೊದಲು ಕೇಳಬೇಕಾದ ಪ್ರಶ್ನೆ, ಗಿಡ ಸಾಯುತ್ತಿದೆಯೇ ಅಥವಾ ವಿಶ್ರಾಂತಿಯಲ್ಲಿದೆಯೇ ಎಂಬುದು. ಕರಿಬೇವು ಉಷ್ಣವಲಯದ ಗಿಡವಾದರೂ ಚಳಿ ಬಂದಾಗ ಚಿಗುರುವುದನ್ನು ನಿಲ್ಲಿಸುತ್ತದೆ. ಇದು ನಮ್ಮ ನಾಡಿನಲ್ಲೇ ಕಂಡ ಸಂಗತಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆಯ್ಕೆ ಮಾಡಿ ಕೊಟ್ಟ ಡಿಡಬ್ಲ್ಯೂಡಿ-1 ಎಂಬ ತಳಿ ಚಳಿಗಾಲದಲ್ಲಿ ಸರಿಯಾಗಿ ಚಿಗುರುವುದಿಲ್ಲ, ಅದೇ ಸಂಸ್ಥೆಯ ಡಿಡಬ್ಲ್ಯೂಡಿ-2 ತಳಿಗೆ ಚಳಿಯ ಬಾಧೆ ಅಷ್ಟಾಗಿ ಇಲ್ಲ. ಧಾರವಾಡದ ಚಳಿಗೇ ಸುಮ್ಮನಾಗುವ ಗಿಡ, ಮಂಜು ಸುರಿಯುವ ಊರಿನ ಕಿಟಕಿಯ ಪಕ್ಕ ಸುಮ್ಮನಾದರೆ ಅಚ್ಚರಿಯೇನಿಲ್ಲ.

ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ಉದುರುವ ಎಲೆಗಳನ್ನೇ ಸಾಕ್ಷಿಗೆ ಕರೆಯಬಹುದು. ಎಲೆ ಉದುರುವುದು ಗಿಡ ತಾನೇ ಮಾಡುವ ಕೆಲಸ. ಎಲೆಯಿಂದ ತೊಟ್ಟಿನ ಕಡೆಗೆ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ಕಡಿಮೆಯಾಗಿ, ಎಥಿಲೀನ್ ಎಂಬ ಅನಿಲ ಹಾರ್ಮೋನಿನ ಪ್ರಭಾವ ಹೆಚ್ಚಾದಾಗ, ತೊಟ್ಟಿನ ಬುಡದಲ್ಲಿರುವ ಕೋಶಗಳ ಒಂದು ತೆಳು ಪದರ ಕಿಣ್ವಗಳನ್ನು ಸ್ರವಿಸಿ ತಮ್ಮ ನಡುವಿನ ಬೆಸುಗೆಯನ್ನು ಕರಗಿಸುತ್ತದೆ. ಇದಕ್ಕೆ ಶಕ್ತಿ ಬೇಕು, ಜೀವ ಬೇಕು. ಹಾಗಾಗಿ ಮುಟ್ಟಿದೊಡನೆ ಕಳಚಿ ಬೀಳುವ ಹಳದಿ ಎಲೆ, ಕೊಂಬೆ ಇನ್ನೂ ಬದುಕಿದೆ ಎಂದು ಹೇಳುತ್ತದೆ. ಎಲೆಗಳು ಕಂದು ಬಣ್ಣಕ್ಕೆ ಸುರುಟಿಕೊಂಡು, ಎಳೆದರೂ ಬಾರದೆ ಕೊಂಬೆಗೇ ಅಂಟಿಕೊಂಡಿದ್ದರೆ ಭಯಪಡಬೇಕು. ಆ ಕೊಂಬೆ ಎಲೆಯನ್ನು ಕಳಚಲೂ ಸಮಯವಿಲ್ಲದಂತೆ ಹಠಾತ್ತಾಗಿ ಸತ್ತಿದೆ. ಅನುಮಾನವಿದ್ದರೆ ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಜೀವವಿದೆ. ಒಣಗಿ ಕಂದಾಗಿದ್ದರೆ ಇನ್ನೂ ಕೆಳಗೆ ಕೆರೆಯುತ್ತ ಹೋಗಬೇಕು.

ಗಿಡ ತನ್ನ ಎಲೆಗಳನ್ನು ಏಕೆ ಕಳಚುತ್ತದೆ? ಮುಖ್ಯವಾಗಿ ಬೆಳಕು ಸಾಲದೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಕಾಲು ತಾಸಿಗಿಂತ ದೊಡ್ಡದು, ಟೊರಾಂಟೊದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಒಂಬತ್ತು ತಾಸೂ ಇಲ್ಲ. ಅದಕ್ಕಿಂತ ಕಠಿಣವಾದದ್ದು ಮನೆಯೊಳಗಿನ ಕತ್ತಲು. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಸಂಜೆ ದೀಪ ಹಾಕಿದ ನಡುಮನೆಯ ಬೆಳಕು 200, 300 ಲಕ್ಸ್ ಇರಬಹುದು. ನಮ್ಮ ಕಣ್ಣು ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಕೋಣೆ ಬೆಳಗಿದಂತೆ ಕಾಣುತ್ತದೆ, ಎಲೆಗೆ ಆ ಭ್ರಮೆ ಇಲ್ಲ. ಒಂದೊಂದು ಎಲೆಯೂ ಉಸಿರಾಟಕ್ಕೆ ಸಕ್ಕರೆ ಖರ್ಚು ಮಾಡುತ್ತದೆ. ಗಳಿಕೆ ಖರ್ಚಿಗಿಂತ ಕಡಿಮೆಯಾದ ಎಲೆಗಳನ್ನು ಸಾಕುವುದು ನಷ್ಟ. ಗಿಡ ಅವುಗಳಿಂದ ಹಿಂಪಡೆಯಬಹುದಾದ ಸಾರಜನಕವನ್ನು ಹಿಂಪಡೆದು ಬಿಟ್ಟುಕೊಡುತ್ತದೆ. ಇದು ರೋಗವಲ್ಲ, ಬದುಕುವ ಉಪಾಯ. ಇಷ್ಟಕ್ಕೇ ನಾವು ಸುಮ್ಮನಿದ್ದರೆ ಬಹುಪಾಲು ಗಿಡಗಳು ಬದುಕಿಕೊಳ್ಳುತ್ತವೆ.

ಆದರೆ ನಾವು ಸುಮ್ಮನಿರುವುದಿಲ್ಲ, ನೀರು ಹಾಕುತ್ತೇವೆ. ಕಡಿಮೆ ಬೆಳಕಿನಲ್ಲಿ ಪತ್ರರಂಧ್ರಗಳು ಹೆಚ್ಚು ತೆರೆಯುವುದಿಲ್ಲ, ಎಲೆಗಳ ಸಂಖ್ಯೆಯೂ ಕಡಿಮೆ. ಜುಲೈಯಲ್ಲಿ ಒಂದೇ ದಿನಕ್ಕೆ ಒಣಗುತ್ತಿದ್ದ ಕುಂಡ ಜನವರಿಯಲ್ಲಿ ವಾರ ಕಳೆದರೂ ಒದ್ದೆಯಾಗಿಯೇ ಇರುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬಿಕೊಂಡರೆ ಅದು ಬೇರಿಗೆ ತಲುಪುವುದು ದುಸ್ತರ, ಏಕೆಂದರೆ ನೀರಿನಲ್ಲಿ ಆಮ್ಲಜನಕ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಸಂಚರಿಸುತ್ತದೆ. ಮುಂದೆ ನಡೆಯುವುದು ವಿಚಿತ್ರ. ಬೇರಿನ ಕೋಶಪೊರೆಗಳಲ್ಲಿ ನೀರು ಒಳನುಗ್ಗಲು ಅಕ್ವಾಪೊರಿನ್ ಎಂಬ ಪ್ರೊಟೀನಿನ ಸೂಕ್ಷ್ಮ ದ್ವಾರಗಳಿವೆ. ಉಸಿರುಕಟ್ಟಿದ ಬೇರಿನ ಕೋಶದ್ರವ ಆಮ್ಲೀಯವಾಗುತ್ತದೆ, ಆ ಆಮ್ಲೀಯತೆಗೆ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಫ್ರಾನ್ಸಿನ ಮಾಂಪೆಲಿಯೆಯ ವಿಜ್ಞಾನಿಗಳು 2003ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು ತೋರಿಸಿಕೊಟ್ಟರು. ಅಕ್ವಾಪೊರಿನ್‌ಗಳನ್ನು ಪತ್ತೆಹಚ್ಚಿದ ಪೀಟರ್ ಆಗ್ರೆ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂದದ್ದೂ ಅದೇ ವರ್ಷ. ಅಂದರೆ ನೀರಿನಲ್ಲಿ ಮುಳುಗಿದ ಗಿಡ ನಿಜವಾಗಿಯೂ ಬಾಯಾರುತ್ತದೆ. ಎಲೆ ಜೋಲುತ್ತದೆ, ನಾವು ಮತ್ತೊಂದು ಲೋಟ ನೀರು ಹಾಕುತ್ತೇವೆ. ಜೋತ ಎಲೆಯನ್ನು ನೋಡಿ ನೀರು ಹಾಕುವ ಅಭ್ಯಾಸವನ್ನು ಬಿಟ್ಟರೆ ಅರ್ಧ ಗಿಡ ಉಳಿದಂತೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಬೇಕು, ಕುಂಡವನ್ನು ಎತ್ತಿ ಅದರ ತೂಕ ಅಂದಾಜು ಮಾಡಬೇಕು. ಹಗುರಾದಾಗ ಮಾತ್ರ ನೀರು.

ಕುಂಡಕ್ಕೆ ಇನ್ನೊಂದು ಗುಣವಿದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ನೆನೆಸಿ, ಅಡ್ಡಲಾಗಿ ಹಿಡಿದು ಹನಿ ನಿಲ್ಲುವವರೆಗೆ ಕಾಯಿರಿ. ನಂತರ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಕೆಳತುದಿಯಲ್ಲಿ ಮಾತ್ರ, ಗುರುತ್ವಕ್ಕೆ ಬಗ್ಗದ ಒಂದಿಷ್ಟು ನೀರು ಯಾವಾಗಲೂ ಉಳಿಯುತ್ತದೆ. ಕುಂಡದ ತಳದಲ್ಲೂ ಹೀಗೆಯೇ ಒಂದು ಒದ್ದೆ ಪದರ ನಿಲ್ಲುತ್ತದೆ. ಅದರ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡದ ಎತ್ತರವಲ್ಲ. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ತಪ್ಪು, ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಇನ್ನಷ್ಟು ಹತ್ತಿರಕ್ಕೆ ಸರಿಯುತ್ತದೆ ಅಷ್ಟೆ. ಸೊರಗಿದ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸುವುದೂ ಅಪಾಯ. ಬೇರಿಲ್ಲದ ಅಷ್ಟೊಂದು ಮಣ್ಣಿನ ನೀರನ್ನು ಹೀರುವವರಿಲ್ಲ.

ಈ ಒದ್ದೆಯಲ್ಲೇ ಪಿಥಿಯಂ, ಫೈಟಾಫ್ತೊರಾ ಎಂಬ, ಬೇರು ಕೊಳೆಸುವ ಸೂಕ್ಷ್ಮಜೀವಿಗಳು ಎದ್ದು ಬರುತ್ತವೆ. ಇವು ನೋಡಲು ಶಿಲೀಂಧ್ರದಂತಿದ್ದರೂ ಬೇರೆಯೇ ವಂಶದವು, ಇವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬೇರನ್ನು ತಲುಪುತ್ತವೆ. ಮಲೆನಾಡಿನವರಿಗೆ ಫೈಟಾಫ್ತೊರಾ ಅಪರಿಚಿತವಲ್ಲ, ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಕಾರಣ ಅದೇ ಜಾತಿಯದು. ಆ ರೋಗವನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿ, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಳಿಗೆ ತಂದವರು ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಅವರು ಕೆನಡಾದ ಒಂಟಾರಿಯೊದವರು, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿನ ಕನ್ನಡಿಗರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಎಲೆಯ ಬಣ್ಣ. ಹಳದಿ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಯಾವ ಎಲೆ, ಎಲ್ಲಿಂದ ಶುರು ಎಂಬುದು ಮುಖ್ಯ. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷಿಯಂಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸಬಲ್ಲದು. ಅವುಗಳ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸುವುದು ಕಷ್ಟ. ಕೆಳಗಿನ ಎಲೆ ಹಸಿರಾಗಿದ್ದು, ತುದಿಯ ಚಿಗುರು ಮಾತ್ರ ಬಿಳಿಚಿಕೊಂಡು, ನರಗಳು ಹಸಿರು ಗೆರೆಗಳಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಿಂಬೆಯ ಬಂಧುಗಳಿಗೆ ಇದು ಬೇಗ ತಗಲುವ ತೊಂದರೆ. ಮಣ್ಣಿನಲ್ಲಿ ಕಬ್ಬಿಣ ಇರುವುದಿಲ್ಲವೆಂದಲ್ಲ, ಕರಗಿರುವುದಿಲ್ಲ. ಮಣ್ಣಿನ ರಸಸಾರ (ಪಿಎಚ್) ಒಂದು ಅಂಕ ಏರಿದರೆ ಕಬ್ಬಿಣದ ಕರಗುವಿಕೆ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಸುಣ್ಣದ ಅಂಶವಿರುವ ನಲ್ಲಿ ನೀರನ್ನು ತಿಂಗಳುಗಟ್ಟಲೆ ಹಾಕಿದರೆ ಕುಂಡದ ರಸಸಾರ ಏರುತ್ತಲೇ ಹೋಗುತ್ತದೆ.

ಅಮ್ಮ ಹೇಳುವ ಹುಳಿ ಮಜ್ಜಿಗೆಯಲ್ಲಿ ಅರ್ಥವಿರುವುದು ಇಲ್ಲೇ. ಅದರ ಲ್ಯಾಕ್ಟಿಕ್ ಆಮ್ಲ ರಸಸಾರವನ್ನು ತುಸು ಇಳಿಸಬಲ್ಲದು, ಪ್ರೊಟೀನು ಕೊಳೆತು ಸಾರಜನಕ ಕೊಡುತ್ತದೆ. ಊರಿನ ಹಿತ್ತಿಲಿನ ಬೆಚ್ಚಗಿನ, ಎರೆಹುಳು ಓಡಾಡುವ ತೆರೆದ ನೆಲದಲ್ಲಿ ಅದು ಜೀರ್ಣವಾಗುತ್ತದೆ. ಚಳಿಗಾಲದ ಮುಚ್ಚಿದ ಮನೆಯ ಸಣ್ಣ ಕುಂಡದಲ್ಲಿ ಅದೇ ಮಜ್ಜಿಗೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು, ಬೇರಿಗೇ ಸಾಲದ ಆಮ್ಲಜನಕವನ್ನು ಮೊದಲು ಕಬಳಿಸುತ್ತವೆ. ವಾಸನೆ ಬರುತ್ತದೆ, ಕಪ್ಪು ಸೊಳ್ಳೆಯಂತಹ ಸಣ್ಣ ನೊಣಗಳು ಮುತ್ತುತ್ತವೆ. ಬೇಸಿಗೆಯಲ್ಲಿ ಗಿಡ ಹೊರಗಿರುವಾಗ ಅಮ್ಮನ ಮಾತು ನಡೆಯಲಿ, ಚಳಿಗಾಲದಲ್ಲಿ ಬೇಡ. ಕಬ್ಬಿಣವೇ ಬೇಕಿದ್ದರೆ ಇಡಿಡಿಎಚ್‌ಎ ರೂಪದ ಚೀಲೇಟ್ ಕೊಳ್ಳಿ, ಕ್ಷಾರೀಯ ಮಣ್ಣಿನಲ್ಲೂ ಅದು ಕಬ್ಬಿಣವನ್ನು ಕರಗಿಸಿ ಹಿಡಿದಿಡುತ್ತದೆ. ಆದರೆ ತಣ್ಣಗೆ ಒದ್ದೆಯಾದ ಬೇರೂ ಕಬ್ಬಿಣವನ್ನು ಹೀರಲಾರದು. ಬೇರು ಸರಿಯಾಗದೆ ಎಲೆಗೆ ಮದ್ದು ಮಾಡಿ ಫಲವಿಲ್ಲ.

ಒಣ ಗಾಳಿಯ ಕಥೆ ಬೇರೆ. ಹೊರಗಿನ ಮೈನಸ್ 10 ಡಿಗ್ರಿ ಗಾಳಿ ಒಂದು ಘನ ಮೀಟರಿನಲ್ಲಿ ಎರಡು ಗ್ರಾಂಗಿಂತ ತುಸು ಹೆಚ್ಚು ನೀರಾವಿ ಹಿಡಿಯಬಲ್ಲದು, 21 ಡಿಗ್ರಿಯ ಕೋಣೆಯ ಗಾಳಿ 18 ಗ್ರಾಂ. ಹೊರಗಿನ ಗಾಳಿಯನ್ನು ಒಳಗೆ ತಂದು ಬರೀ ಬಿಸಿ ಮಾಡಿದರೆ ಅದರ ತೇವಾಂಶ ಶೇಕಡಾ 13ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನಗಳ ಹಬೆ ಇದನ್ನು ಸ್ವಲ್ಪ ಏರಿಸುತ್ತದೆಯಷ್ಟೇ. ಇದು ಜೇಡ ನುಸಿಗೆ ಹಬ್ಬ. ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಹಳದಿ ಚುಕ್ಕೆಗಳಿದ್ದರೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ತಟ್ಟಿ. ಬಿದ್ದ ಧೂಳಿನ ಕಣಗಳು ನಡೆಯತೊಡಗಿದರೆ ನುಸಿ ಎಂದು ಖಚಿತ. ಗಿಡವನ್ನು ಬಚ್ಚಲಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಕಟ್ಟಿ, ಎಲೆಗಳ ತಳಭಾಗವನ್ನು ನೀರಿನ ರಭಸಕ್ಕೆ ಒಡ್ಡಿ ತೊಳೆಯಬೇಕು. ಮೊಟ್ಟೆಗಳು ಉಳಿಯುವುದರಿಂದ ವಾರಕ್ಕೊಮ್ಮೆ ಮೂರ್ನಾಲ್ಕು ಬಾರಿ ಮಾಡಬೇಕು. ಸಾರಿಗೆ ಬೀಳುವ ಎಲೆ ಇದು, ತಿನ್ನುವ ಬೆಳೆಗೆ ಸಲ್ಲದ ಕೀಟನಾಶಕವನ್ನು ದಯವಿಟ್ಟು ಸಿಂಪಡಿಸಬೇಡಿ.

ಬೇರು ಕೊಳೆತಿರುವ ಅನುಮಾನ ಬಲವಾದರೆ ವಸಂತಕ್ಕೆ ಕಾಯದೆ ಗಿಡವನ್ನು ಕುಂಡದಿಂದ ಹೊರತೆಗೆಯಬೇಕು. ಆರೋಗ್ಯವಂತ ಬೇರಿನ ತುದಿ ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದರೆ ಹೊರಗಿನ ಕಂದು ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ನಾರು ಮಾತ್ರ ದಾರದಂತೆ ಉಳಿಯುತ್ತದೆ. ಕೆಸರಿನ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಅಂತಹ ಬೇರುಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಹಳೆಯ ಮಣ್ಣನ್ನು ಬಿಸಾಡಿ, ಉಳಿದ ಬೇರಿಗೆ ಸರಿಹೊಂದುವಷ್ಟೇ ಸಣ್ಣ ಕುಂಡದಲ್ಲಿ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳನ್ನು ಧಾರಾಳವಾಗಿ ಬೆರೆಸಿದ ಸಡಿಲ ಮಿಶ್ರಣಕ್ಕೆ ನೆಡಬೇಕು. ಸತ್ತ ಕೊಂಬೆಗಳನ್ನು ಹಸಿರು ಸಿಗುವವರೆಗೆ ಕತ್ತರಿಸಬೇಕು. ಒಮ್ಮೆ ನೀರುಣಿಸಿ, ತಟ್ಟೆಗೆ ಇಳಿದ ನೀರನ್ನು ಚೆಲ್ಲಬೇಕು. ಕಿಟಕಿಯ ತಣ್ಣನೆಯ ಕಲ್ಲಿನಿಂದ ಕುಂಡವನ್ನು ಎತ್ತಿ ಮರದ ಸ್ಟೂಲಿನ ಮೇಲಿಡಿ, ಒಂದಡಿ ಮೇಲೆ ಎಲ್‌ಇಡಿ ದೀಪವನ್ನು ದಿನಕ್ಕೆ ಹನ್ನೆರಡು ಹದಿನಾಲ್ಕು ತಾಸು ಉರಿಸಿ. ಗೊಬ್ಬರದ ಲವಣಗಳು ಗಾಯಗೊಂಡ ಬೇರಿನಿಂದಲೇ ನೀರನ್ನು ಸೆಳೆಯಬಹುದು, ಆದ್ದರಿಂದ ಹೊಸ ಎಲೆ ಕಾಣುವವರೆಗೆ ಗೊಬ್ಬರ ಬೇಡ.

ಆಮೇಲೆ ಕಾಯುವುದು. ಕಾಂಡವೆಲ್ಲ ಸತ್ತಂತೆ ಕಂಡರೂ ಕುಂಡವನ್ನು ಏಪ್ರಿಲ್, ಮೇವರೆಗೆ ಎಸೆಯಬೇಡಿ. ಕರಿಬೇವು ಬೇರಿನಿಂದಲೇ ಮರಿಗಿಡ ಎಬ್ಬಿಸುವ ಜಾತಿ, ಊರಿನಲ್ಲಿ ದೊಡ್ಡ ಗಿಡದ ಸುತ್ತ ಏಳುವ ಸಸಿಗಳಲ್ಲಿ ಅನೇಕವು ಹಾಗೆ ಬಂದವು. ಬುಡದಲ್ಲಿ ಕೆಂಪು ಛಾಯೆಯ ಚಿಗುರು ಕಂಡರೆ ಕೀಳಲು ಆತುರ ಬೇಡ. ಮೊದಲ ನಾಲ್ಕೈದು ಗರಿಗಳು ಬೇರು ಕಟ್ಟಲು ಬೇಕು. ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಮೇಲೆ ನಿಂತ ನಂತರ ಕುಂಡವನ್ನು ಹೊರಗಿಡಬಹುದು. ಆದರೆ ಒಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಬಿದ್ದರೆ ಬೆಳ್ಳಗೆ ಸುಡುತ್ತದೆ. ಮೊದಲ ವಾರ ನೆರಳು, ಎರಡನೆಯ ವಾರ ಬೆಳಗಿನ ಎಳೆಬಿಸಿಲು, ಆಮೇಲೆ ಇಡೀ ದಿನ.