ಕೀಬೋರ್ಡ್ ಸಿಕ್ಕಿಸಿದರೂ ದನಿ ಬರದಿದ್ದರೆ

ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಪದ್ಧತಿ. ಮಿಡಿ ಕೀಬೋರ್ಡನ್ನು ಲಿನಕ್ಸ್ ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ, ವಾದ್ಯದ ದನಿ ಹುಟ್ಟಿಸುವ ಸಿಂಥಸೈಜರ್ ತಂತ್ರಾಂಶ ತೆರೆದು ಕೀ ಒತ್ತಿದರೂ ಸದ್ದಿಲ್ಲ. ಹೊಸಬರು ಮೊದಲು ಅನುಮಾನಿಸುವುದು ಕೇಬಲನ್ನೋ ಸ್ಪೀಕರನ್ನೋ. ಎಷ್ಟೋ ಸಲ ಎರಡೂ ನೆಟ್ಟಗಿರುತ್ತವೆ. ಕೀಬೋರ್ಡಿನಿಂದ ಸಿಂಥಸೈಜರಿಗೆ ಯಾರೂ ದಾರಿ ಮಾಡಿಕೊಟ್ಟಿರುವುದಿಲ್ಲ, ಅಷ್ಟೇ.

ಮಿಡಿಯಲ್ಲಿ ದನಿ ಹರಿಯುವುದೇ ಇಲ್ಲ, ಹರಿಯುವುದು ಅಪ್ಪಣೆ. ನಡುವಿನ ಸಿ ಸ್ವರ ಒತ್ತಿದಿರಿ ಅನ್ನಿ. 144, 60, 100 ಎಂಬ ಮೂರು ಬೈಟ್ ಹೊರಡುತ್ತವೆ. 144 ಅಂದರೆ ‘ಒಂದನೇ ಚಾನೆಲ್‌ನಲ್ಲಿ ಸ್ವರ ಶುರು’, 60 ಅಂದರೆ ಯಾವ ಸ್ವರ, 100 ಅಂದರೆ ಬೆರಳು ಎಷ್ಟು ರಭಸದಿಂದ ಬಿತ್ತು ಎಂಬ ಲೆಕ್ಕ. ಬೆರಳೆತ್ತಿದರೆ ‘ಸ್ವರ ನಿಲ್ಲಿಸು’ ಎಂಬ ಇನ್ನೊಂದು ಸಂದೇಶ. ಅದು ನಡುದಾರಿಯಲ್ಲಿ ಕಳೆದುಹೋದರೆ ಸ್ವರ ನಿಲ್ಲದೆ ಕೊರೆಯುತ್ತಲೇ ಇರುತ್ತದೆ. ಸಿಂಥಸೈಜರ್ ತಯಾರಕರಾದ ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಂದ ಈ ಪದ್ಧತಿಯ ಹಳೆಯ ಐದು ಪಿನ್ನಿನ ಕೇಬಲ್ಲಿನ ವೇಗ ಸೆಕೆಂಡಿಗೆ 31,250 ಬಿಟ್. ಒಂದೊಂದು ಬೈಟ್ ಕಳಿಸಲು 10 ಬಿಟ್ ಬೇಕು. ಹಾಗಾಗಿ ಒಂದು ಸ್ವರದ ಸುದ್ದಿ ಮುಟ್ಟಲು ಸುಮಾರು 1 ಮಿಲಿಸೆಕೆಂಡ್. ಇವತ್ತಿಗೂ ಅದು ಸಾಲುತ್ತದೆ.

ಲಿನಕ್ಸ್‌ನಲ್ಲಿ ಈ ಸಂದೇಶಗಳನ್ನು ಹಂಚುವುದು ಅಲ್ಸಾ ಎಂಬ ಧ್ವನಿ ವ್ಯವಸ್ಥೆಯೊಳಗಿನ ‘ಸೀಕ್ವೆನ್ಸರ್’ ಎಂಬ ಭಾಗ. ಅದರ ಕಣ್ಣಿಗೆ ಪ್ರತಿಯೊಂದು ಸಾಧನವೂ, ಪ್ರತಿಯೊಂದು ತಂತ್ರಾಂಶವೂ ಒಂದೊಂದು ನಂಬರಿನ ಕ್ಲೈಂಟ್; ಒಳಗೆ ಮತ್ತೆ ನಂಬರ್ ಹೊತ್ತ ಪೋರ್ಟುಗಳು, ಅಂದರೆ ಸಂದೇಶ ಬಂದುಹೋಗುವ ಬಾಗಿಲುಗಳು. ‘ಎಕನೆಕ್ಟ್’ (aconnect) ಎಂಬ ಪುಟ್ಟ ಕಮಾಂಡಿಗೆ ಪಟ್ಟಿ ಕೇಳಿದರೆ ಕೀಬೋರ್ಡ್ 20:0 ಎಂದೂ, ಫ್ಲೂಯಿಡ್‌ಸಿಂಥ್ ಎಂಬ ಸಿಂಥಸೈಜರ್ ತಂತ್ರಾಂಶ 128:0 ಎಂದೂ ಕಾಣಬಹುದು. ತಂತ್ರಾಂಶಗಳ ನಂಬರು 128ರಿಂದ ಶುರುವಾಗುತ್ತದೆ. ಅದೇ ಕಮಾಂಡಿಗೆ ಈ ಎರಡು ವಿಳಾಸ ಕೊಟ್ಟರೆ ಜೋಡಣೆ ಮುಗಿಯಿತು. ಮೌಸ್‌ನಲ್ಲೇ ಎಳೆದು ಜೋಡಿಸಬೇಕೆನ್ನುವವರಿಗೆ ಕ್ಯೂಜ್ಯಾಕ್‌ಸಿಟಿಎಲ್ ಎಂಬ ತಂತ್ರಾಂಶ ಇದೆ.

ತಾನೇ ಯಾಕೆ ಜೋಡಿಸಿಕೊಳ್ಳಬಾರದು ಎಂದು ಗೊಣಗುವವರುಂಟು. ಒಂದು ಕೀಬೋರ್ಡಿನಿಂದ ಮೂರು ಸಿಂಥಸೈಜರ್ ನುಡಿಸಬೇಕು, ಇಲ್ಲವೇ ಎರಡು ಕೀಬೋರ್ಡು ಒಂದೇ ವಾದ್ಯಕ್ಕೆ ಹೋಗಬೇಕು ಅಂದಾಗ ಈ ಸ್ವಾತಂತ್ರ್ಯದ ಬೆಲೆ ಗೊತ್ತಾಗುತ್ತದೆ. ಆದರೆ ನಂಬರನ್ನು ನೆಚ್ಚಿಕೊಳ್ಳಬೇಡಿ. ಸಾಧನ ಕಿತ್ತು ಮತ್ತೆ ಸಿಕ್ಕಿಸಿದರೆ 20 ಹೋಗಿ 24 ಆದೀತು. ಸ್ಕ್ರಿಪ್ಟ್ ಬರೆಯುವುದಾದರೆ ಕ್ಲೈಂಟಿನ ಹೆಸರನ್ನೇ ಬಳಸುವುದು ಜಾಣತನ.

ಜೋಡಿಸಿದ ಮೇಲೂ ದನಿ ಇಲ್ಲವೇ? ಬರುವ ಸಂದೇಶಗಳನ್ನು ತೋರಿಸುವ ‘ಎಸೆಕ್‌ಡಂಪ್’ (aseqdump) ಕಮಾಂಡನ್ನು ಕೀಬೋರ್ಡಿನ ಪೋರ್ಟಿಗೆ ತಗುಲಿಸಿ ಒಂದು ಕೀ ಒತ್ತಿ. ಪರದೆಯ ಮೇಲೆ ಸ್ವರದ ಸಂಖ್ಯೆ, ರಭಸ ಎಲ್ಲ ಸಾಲಾಗಿ ಉದುರಿದರೆ ಕೀಬೋರ್ಡ್ ನಿರ್ದೋಷಿ. ತಪ್ಪು ಮುಂದೆಲ್ಲೋ ಇದೆ. ಫ್ಲೂಯಿಡ್‌ಸಿಂಥ್‌ಗೆ ವಾದ್ಯಗಳ ದನಿ ತುಂಬಿದ ಸೌಂಡ್‌ಫಾಂಟ್ ಕಡತ ಕೊಡಲು ಮರೆತಿದ್ದರೂ ಮೌನವಿರಬಹುದು. ಇಲ್ಲೊಂದು ಕಿರಿಕಿರಿಯಿದೆ: ಎಸೆಕ್‌ಡಂಪ್ ಚಾನೆಲ್‌ಗಳನ್ನು 0ಯಿಂದ ಎಣಿಸುತ್ತದೆ. ಡ್ರಮ್ಮಿಗೆ ಮೀಸಲಾದ 10ನೇ ಚಾನೆಲ್ ಅದರಲ್ಲಿ 9 ಎಂದು ಕಾಣುತ್ತದೆ.

ನಿಜವಾದ ಗೋಜಲು ಜ್ಯಾಕ್‌ನದು. ತಂತ್ರಾಂಶಗಳ ನಡುವೆ ದನಿ ಸಾಗಿಸುವ ಜ್ಯಾಕ್ ಆಡಿಯೋ ಸರ್ವರಿಗೆ ತನ್ನದೇ ಮಿಡಿ ಉಂಟು, ಅಲ್ಸಾದ ಪೋರ್ಟುಗಳು ನೇರವಾಗಿ ಅದಕ್ಕೆ ಕಾಣಿಸುವುದಿಲ್ಲ. ಕ್ಯೂಜ್ಯಾಕ್‌ಸಿಟಿಎಲ್‌ನ ಅಲ್ಸಾ ಟ್ಯಾಬಿನಲ್ಲಿ ಎಳೆದ ಗೆರೆ ಜ್ಯಾಕ್ ಮಿಡಿ ಬಳಸುವ ಸಿಂಥಸೈಜರಿಗೆ ಉಪಯೋಗಕ್ಕೆ ಬಾರದು. ಎರಡರ ನಡುವೆ ‘ಎ2ಜೆಮಿಡಿಡಿ’ಯಂಥ ಸೇತುವೆ ಬೇಕಿತ್ತು. ಈಗ ಹಲವು ಲಿನಕ್ಸ್ ವಿತರಣೆಗಳಲ್ಲಿರುವ ಪೈಪ್‌ವೈರ್ ಎಂಬ ಹೊಸ ಆಡಿಯೋ ಸರ್ವರ್ ಅಲ್ಸಾದ ಪೋರ್ಟುಗಳನ್ನು ತಾನೇ ತನ್ನ ಜಾಲದೊಳಗೆ ತೋರಿಸುವುದರಿಂದ ಆ ತಲೆನೋವು ಬಹುಮಟ್ಟಿಗೆ ತಗ್ಗಿದೆ.

ಇನ್ನು, ದನಿ ಬಂತು ಆದರೆ ಬೆರಳಿಗಿಂತ ಹಿಂದೆ ಬೀಳುತ್ತಿದೆ ಎನ್ನಿಸಿದರೆ ಮಿಡಿಯನ್ನು ಬೈಯಬೇಡಿ, ಆಡಿಯೋ ಬಫರ್ ನೋಡಿ, ಅಂದರೆ ದನಿಯ ತುಣುಕುಗಳನ್ನು ಸ್ಪೀಕರಿಗೆ ಕಳಿಸುವ ಮೊದಲು ಕೂಡಿಡುವ ಜಾಗ. ಸೆಕೆಂಡಿಗೆ ಇಂಥ 48,000 ತುಣುಕು (ಸ್ಯಾಂಪಲ್) ಇರುವಾಗ 1024ರ ಬಫರ್ ಒಂದಕ್ಕೇ 21 ಮಿಲಿಸೆಕೆಂಡ್ ಹಿಡಿಯುತ್ತದೆ. 128ಕ್ಕೆ ಇಳಿಸಿದರೆ 3ಕ್ಕೂ ಕಡಿಮೆ. ದನಿ ಚಟಪಟ ಒಡೆಯತೊಡಗುವವರೆಗೆ ಇಳಿಸುತ್ತ ಹೋಗಿ, ಅಲ್ಲಿಂದ ಒಂದು ಮೆಟ್ಟಿಲು ಮೇಲೇರಿ ನಿಲ್ಲಿಸಿ.