ಇಸೆಕೈ ಹೀರೋಗೆ ಶುರುವಲ್ಲೇ ಅಷ್ಟೊಂದು ಪವರ್ ಯಾಕೆ?

ಪ್ರಶ್ನೆ: ಸತ್ತು ಬೇರೆ ಲೋಕದಲ್ಲಿ ಹುಟ್ಟೋ ಈ ಜಪಾನೀ 'ಇಸೆಕೈ' ಕಥೆಗಳಲ್ಲಿ ಹೀರೋ ಮೊದಲ ಚಾಪ್ಟರಲ್ಲೇ ಎಲ್ಲರಿಗಿಂತ ಸ್ಟ್ರಾಂಗ್ ಆಗ್ಬಿಡ್ತಾನೆ. ಸೋಲಲ್ಲ ಅಂತ ಮೊದಲೇ ಗೊತ್ತಿದ್ರೆ ಓದೋದ್ರಲ್ಲಿ ಏನು ಮಜಾ? ಕಷ್ಟಪಟ್ಟು ಮೇಲೆ ಬರೋ ಹೀರೋನ ಬರೆಯೋಕೆ ಇವರಿಗೆ ಬರಲ್ವಾ?

ಬರತ್ತೆ. ಆದ್ರೆ ಈ ಕಥೆಗಳು ಹುಟ್ಟಿದ ಜಾಗ ಎಂಥದ್ದು ಅಂತ ಮೊದಲು ನೋಡ್ಬೇಕು, ಇಲ್ಲಾಂದ್ರೆ ಎಲ್ಲಾ ಬರೀ ಸೋಮಾರಿತನ ಅನ್ಸತ್ತೆ.

ಇವುಗಳಲ್ಲಿ ಬಹಳಷ್ಟು ಬಂದಿದ್ದು ಪುಸ್ತಕದಂಗಡಿಯಿಂದ ಅಲ್ಲ, 'ಶೋಸೆತ್ಸುಕಾ ನಿ ನಾರೋ' ಅನ್ನೋ ಜಪಾನೀ ಸೈಟ್‌ನಿಂದ. 2004ರಲ್ಲಿ ಶುರುವಾಗಿದ್ದು, ಯಾರು ಬೇಕಾದ್ರೂ ಬರೆದು ಹಾಕ್ಬಹುದು, ಯಾರು ಬೇಕಾದ್ರೂ ಫ್ರೀಯಾಗಿ ಓದ್ಬಹುದು, ಮಧ್ಯೆ ಸಂಪಾದಕ ಅಂತ ಯಾರೂ ಇಲ್ಲ. ಕಥೆ ಮೇಲೆ ಬರ್ಬೇಕು ಅಂದ್ರೆ ರ‍್ಯಾಂಕಿಂಗ್ ಒಂದೇ ದಾರಿ: ಓದುಗರು ಒಂದು ಬುಕ್‌ಮಾರ್ಕ್ ಹಾಕಿದ್ರೆ 2 ಪಾಯಿಂಟ್, ರೇಟಿಂಗ್ ಕೊಟ್ರೆ ಹೆಚ್ಚೆಂದ್ರೆ 10. ದಿನದ ರ‍್ಯಾಂಕಿಂಗ್ ಬೇರೆ, ವಾರದ್ದು ಬೇರೆ, ತಿಂಗಳದ್ದು ಬೇರೆ. ಲಿಸ್ಟಲ್ಲಿ ಮೊದಲು ಕಣ್ಣಿಗೆ ಬೀಳೋದು ಹೆಸರು, ಅದಕ್ಕೇ ಎರಡು ಸಾಲಿನ ಹೆಸರುಗಳು, ಕಥೆ ಏನು ಅಂತ ಅಲ್ಲೇ ಹೇಳ್ಬಿಡ್ತಾರೆ.

ಈಗ ಯೋಚ್ನೆ ಮಾಡಿ, ಹೀರೋ ಮೂವತ್ತು ಚಾಪ್ಟರ್ ಒದೆ ತಿಂದು ಆಮೇಲೆ ಗೆಲ್ತಾನೆ ಅಂತಿಟ್ಕೊಳ್ಳಿ. ಕೈಯಲ್ಲಿ ಇಡೀ ಪುಸ್ತಕ ಇದ್ರೆ ಒಂದು ಸಂಜೇಲಿ ಅದನ್ನ ದಾಟ್ಬಹುದು. ದಿನಕ್ಕೊಂದು ಚಾಪ್ಟರ್ ಬರೋ ಕಡೆ ಅದು ಒಂದು ತಿಂಗಳು, ಕೆಲಸ ಮುಗಿಸಿ ಟ್ರೈನಲ್ಲಿ ಮೊಬೈಲ್ ತೆಗೆದೋನು ದಿನಾ ಹೀರೋ ಸೋತಿದ್ದನ್ನೇ ಓದಿ ಮನೆಗೆ ಹೋಗ್ಬೇಕು, ಮೂರನೇ ದಿನಕ್ಕೆ ಬೇರೆ ಕಥೆ ತೆರೀತಾನೆ, ಬುಕ್‌ಮಾರ್ಕೂ ಹೋಯ್ತು ಪಾಯಿಂಟೂ ಹೋಯ್ತು. ಹಾಗಾಗಿ ಬರೆಯೋರು ಪವರ್‌ನ ಮುಂದಕ್ಕೆ ತಂದ್ರು. ಒಬ್ಬರಿಗೆ ವರ್ಕ್ ಆಯ್ತು, ನೂರು ಜನ ಹಿಂದೆ ಬಂದ್ರು, ಕೊನೆಗೆ 2016ರಲ್ಲಿ ಸೈಟ್‌ನವರೇ ಬೇರೆ ಲೋಕದ ಕಥೆಗಳ ರ‍್ಯಾಂಕಿಂಗ್‌ನ ಪ್ರತ್ಯೇಕ ಮಾಡ್ಬೇಕಾಯ್ತು.

ಇನ್ನೊಂದು, ಸಾಯೋ ಮನುಷ್ಯ ಯಾರು ಅಂತ ನೋಡಿ. ಸುಮಾರು ಕಥೆಗಳಲ್ಲಿ ಮೂವತ್ತು ದಾಟಿದ ಗಂಡಸು, ಒಂದೋ ಆಫೀಸಲ್ಲಿ ದುಡಿದೂ ದುಡಿದೂ ಸುಸ್ತಾದೋನು ಇಲ್ಲಾ ರೂಮಿಂದ ಆಚೆ ಬರೋದನ್ನೇ ಬಿಟ್ಟೋನು. 1990ರ ಸುಮಾರಿಗೆ ಜಪಾನಿನ ಆರ್ಥಿಕತೆ ಕುಸಿದ್ಮೇಲೆ ಕಾಲೇಜು ಮುಗಿಸಿದ ಒಂದಿಡೀ ತಲೆಮಾರಿಗೆ ನೆಟ್ಟಗೆ ಕೆಲಸ ಸಿಗ್ಲಿಲ್ಲ, ಅತಿಯಾಗಿ ದುಡಿದು ಸಾಯೋರಿದಾರೆ ಅಂತ ಅಲ್ಲಿನ ಕಾನೂನೇ ಒಪ್ಕೊಂಡಿದೆ. ಕಷ್ಟಪಟ್ರೆ ಫಲ ಸಿಗತ್ತೆ ಅನ್ನೋ ಮಾತನ್ನ ಇವರು ಆಗ್ಲೇ ಒಂದು ಜನ್ಮ ನಂಬಿ ನೋಡಿದಾರೆ. ನಮ್ಮ ಪುರಾಣಗಳಲ್ಲಿ ತಪಸ್ಸು ಮಾಡಿದ್ಮೇಲೇ ವರ, ಅದಕ್ಕೇ ನಮಗೆ ಇದು ಪುಕ್ಕಟೆ ವರ ಅನ್ಸತ್ತೆ, ಆದ್ರೆ ಅವರ ಲೆಕ್ಕದಲ್ಲಿ ತಪಸ್ಸು ಹಿಂದಿನ ಜನ್ಮದಲ್ಲೇ ಮುಗಿದಿದೆ ಅಂತ ನನಗನ್ಸತ್ತೆ.

ಇನ್ನು ಮಜಾ ಎಲ್ಲಿ ಅನ್ನೋದು. ಗೆಲ್ತಾನಾ ಇಲ್ವಾ ಅನ್ನೋದು ಇಲ್ಲಿ ಪ್ರಶ್ನೇನೇ ಅಲ್ಲ, ಆ ಪವರ್ ಯಾವ ಜಾಗಕ್ಕೆ ಮುಟ್ಟಲ್ಲ ಅನ್ನೋದು ಪ್ರಶ್ನೆ. 2012ರಲ್ಲಿ ಬರೋಕೆ ಶುರುವಾದ 'ಮುಶೋಕು ತೆನ್ಸೈ' ತಗೊಳ್ಳಿ. ಸ್ಕೂಲಲ್ಲಿ ಅವಮಾನ ತಿಂದು 34ನೇ ವಯಸ್ಸಿನವರೆಗೂ ಮನೇಲೇ ಬಾಗಿಲು ಹಾಕ್ಕೊಂಡಿದ್ದೋನು ರೂಡಿಯಸ್ ಆಗಿ ಹುಟ್ತಾನೆ. ಇನ್ನೂ ಪುಟ್ಟ ಮಗು, ಮಂತ್ರ ಹೇಳದೇ ಮ್ಯಾಜಿಕ್ ಮಾಡ್ತಾನೆ, ಬಂದ ಟೀಚರ್ ರಾಕ್ಸಿ ಬೆರಗಾಗ್ತಾಳೆ. ಕೊನೇ ಪರೀಕ್ಷೆಗೆ ಊರಾಚೆ ಹೋಗ್ಬೇಕು ಅಂದಾಗ ಹುಡುಗ ಗೇಟ್ ಹತ್ರ ಬಂದು ನಡುಗ್ತಾ ನಿಂತ್ಬಿಡ್ತಾನೆ. ಸ್ವಲ್ಪ ಹೊತ್ತಿಗೆ ಬಿರುಗಾಳಿ ಮಳೆ ತರಿಸೋನು ಅವನೇ, ಆದ್ರೆ ಮನೆ ಗೇಟು ದಾಟೋಕೆ ಕಾಲು ಬರ್ತಿಲ್ಲ, ಹಳೇ ಜನ್ಮದ ಭಯ ಹಾಗೇ ಇದೆ. ರಾಕ್ಸಿ ಅವನನ್ನ ಕುದುರೆ ಮೇಲೆ ಕೂರಿಸ್ಕೊಂಡು ಸುಮ್ನೆ ಹೊರಡ್ತಾಳೆ, ದಾರೀಲಿ ಯಾರೂ ಅವನನ್ನ ನೋಡಿ ನಗಲ್ಲ. ಅಲ್ಲಿ ಗೆದ್ದಿದ್ದು ಯಾವ ಮ್ಯಾಜಿಕ್ಕೂ ಅಲ್ಲ.

'ದಟ್ ಟೈಮ್ ಐ ಗಾಟ್ ರೀಇನ್‌ಕಾರ್ನೇಟೆಡ್ ಆಸ್ ಎ ಸ್ಲೈಮ್' ಕಥೇಲಿ ಸ್ಲೈಮ್ (ಜೆಲ್ಲಿ ಥರದ ಒಂದು ರಾಕ್ಷಸ ಜೀವಿ) ಆಗಿ ಹುಟ್ಟೋ ರಿಮುರುದೂ ಹಾಗೇ. ಅವನ ಮುಂದೆ ನಿಲ್ಲೋರು ಕಮ್ಮಿ, ರಾಕ್ಷಸ ಜೀವಿಗಳಿಗೆ ಒಂದು ಊರೇ ಕಟ್ತಾನೆ, ಮನುಷ್ಯರ ಮೇಲೆ ಕೈ ಮಾಡ್ಬಾರ್ದು ಅಂತ ತನ್ನೋರಿಗೆ ನಿಯಮಾನೂ ಹಾಕ್ತಾನೆ. ಅವನಿಲ್ಲದಾಗ ಮನುಷ್ಯರೇ ಬಂದು ಊರಿನ ಮೇಲೆ ಬೀಳ್ತಾರೆ, ಅವನ ಮಾತಿಗೆ ಕಟ್ಟುಬಿದ್ದು ಹಿಂಜರಿದೋರು ಸಾಯ್ತಾರೆ. ವಾಪಸ್ ಬಂದು ಹೆಣಗಳ ಮುಂದೆ ನಿಂತಾಗ ತಪ್ಪು ತನ್ನ ನಿಯಮದ್ದೇ ಅಂತ ಅವನಿಗೆ ಗೊತ್ತಾಗತ್ತೆ. ಆಮೇಲೆ ನೀರ ಹನಿಗಳಲ್ಲಿ ಬಿಸಿಲನ್ನ ಬಗ್ಗಿಸಿ ಸುಮಾರು 20,000 ಸೈನಿಕರನ್ನ ಕೊಲ್ತಾನೆ. ಅಷ್ಟು ಸುಲಭಕ್ಕೆ ಕೊಲ್ಲೋಕೆ ಆಗತ್ತಲ್ಲ ಅನ್ನೋದೇ ಅಲ್ಲಿ ಹೆದರಿಸೋದು.

ಕೆಟ್ಟ ಕಥೆಗಳು ಬೇಕಾದಷ್ಟಿವೆ, ಅದನ್ನ ಮುಚ್ಚಿಡೋಕಾಗಲ್ಲ. ಹೀರೋ ಬುದ್ಧಿವಂತ ಅಂತ ತೋರ್ಸೋಕೆ ಊರೋರೆಲ್ಲರನ್ನೂ ದಡ್ಡರನ್ನಾಗಿ ಮಾಡೋದು, ಗುಲಾಮ ಹುಡುಗೀನ ದುಡ್ಡು ಕೊಟ್ಟು ತಂದು ಅದನ್ನೇ ಪ್ರೀತಿ ಅನ್ನೋದು, ಇವನ್ನ ನಾನು ಓದಲ್ಲ, ನೀವೂ ಓದ್ಬೇಡಿ. ಒಂದು ಹತ್ತು ಚಾಪ್ಟರ್ ಓದಿ, ಹೀರೋನ ಹೊಗಳೋದು ಬಿಟ್ಟು ಬೇರೆಯವರಿಗೆ ಮಾಡೋಕೆ ಏನಾದ್ರೂ ಕೆಲಸ ಇದ್ಯಾ ನೋಡಿ, ಇಲ್ಲಾಂದ್ರೆ ಮುಚ್ಚಿಡಿ.

ಹೊಸಬರಾದ್ರೆ ಸ್ಲೈಮ್ ಕಥೆಯಿಂದ ಶುರು ಮಾಡಿ, 2018ರಲ್ಲಿ ಅನಿಮೆ (ಜಪಾನೀ ಕಾರ್ಟೂನ್ ಸೀರೀಸ್) ಬಂದಿದೆ, ನಿಧಾನಕ್ಕೆ ಹೋಗತ್ತೆ, ಆದ್ರೆ ಹಿತವಾಗಿದೆ. ಮುಶೋಕು ತೆನ್ಸೈ ಅದಕ್ಕಿಂತ ಆಳ ಇದೆ, ಆದ್ರೆ ರೂಡಿಯಸ್ ಹೆಂಗಸರ ಜೊತೆ ನಡ್ಕೊಳ್ಳೋ ರೀತಿ ತುಂಬಾ ಕಡೆ ಅಸಹ್ಯ ಹುಟ್ಸತ್ತೆ. ಮನೇಲಿ ಚಿಕ್ಕ ಮಕ್ಕಳ ಜೊತೆ ಕೂತು ನೋಡೋದಂತೂ ಬೇಡ.