ಸೂರು ಕಳೆದುಕೊಂಡ ಬಜಾರು

ಕಲಬುರಗಿ ಕೋಟೆಗೆ ಹೋದವರು ಜಾಮಿ ಮಸೀದಿ ನೋಡುತ್ತಾರೆ, ಬುರುಜು ಹತ್ತಿ ತೋಪು ನೋಡುತ್ತಾರೆ. ಸಾಲುಗಟ್ಟಿ ನಿಂತ ಕಮಾನಿನ ಕೋಣೆಗಳ ಮುಂದೆ ನಿಲ್ಲುವವರು ಕಡಿಮೆ. ಅದು ಬಹಮನಿ ಕಾಲದ ಬಜಾರು: ಎರಡೂ ಬದಿಗೆ ಮಳಿಗೆ, ನಡುವೆ ಓಣಿ. 1347ರಲ್ಲಿ ರಾಜಧಾನಿಯಾದ ಊರು, ನೂರು ವರ್ಷ ತುಂಬುವ ಮೊದಲೇ ಆ ಪಟ್ಟವನ್ನು ಬೀದರಿಗೆ ಬಿಟ್ಟುಕೊಟ್ಟಿತು. ಕಾಲಾಂತರದಲ್ಲಿ ಮಳಿಗೆಗಳು ಮನೆಗಳಾದವು. ತಲೆಮಾರುಗಳಿಂದ ಅಲ್ಲಿ ಒಲೆ ಉರಿದಿದೆ, ತೊಟ್ಟಿಲು ತೂಗಿದೆ. ತೆರವಿನ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಸಂರಕ್ಷಿತ ಸ್ಮಾರಕದೊಳಗೆ ಅನುಮತಿಯಿಲ್ಲದೆ ಏನನ್ನೂ ಮಾರುವಂತಿಲ್ಲ ಎನ್ನುವುದು 1959ರ ನಿಯಮ. ಆ ಕಮಾನುಗಳಿಗೆ ವ್ಯಾಪಾರ ಮರಳುವ ದಾರಿ ಹೀಗೆ ಮುಚ್ಚಿದೆ.

ವ್ಯಾಪಾರವೇನೂ ನಿಲ್ಲಲಿಲ್ಲ. ಶಹಾಬಜಾರ್, ಕಪಡಾ ಬಜಾರ್, ಸರಾಫ್ ಬಜಾರ್ ಎಂದು ಊರಿನ ಹೆಸರುಗಳಲ್ಲೇ ಅದು ಉಳಿದಿದೆ. ತೊಗರಿಗೆ ಗಂಜ್ ಸಿಕ್ಕಿತು, ಚಿನ್ನಕ್ಕೆ ಅಂಗಡಿ ಸಿಕ್ಕಿತು. ಹಳೇ ಸಾಮಾನಿಗೆ ಮಾತ್ರ ನೆಲದ ಮೇಲೆ ಹಾಸಿದ ತಾಡಪಾಲೇ ಗತಿ. ಇಂಥ ಬಜಾರಿಗೆ ಜಾಗದ ಹೆಸರಿಗಿಂತ ವಾರದ ಹೆಸರೇ ಗಟ್ಟಿ. 1948ರವರೆಗೆ ನಮ್ಮನ್ನಾಳಿದ ಹೈದರಾಬಾದಿನಲ್ಲಿ ಇವತ್ತಿಗೂ ಜುಮೇರಾತ್ ಬಜಾರ್ ಇದೆ. ಜುಮೇರಾತ್ ಎಂದರೆ ಗುರುವಾರ.

ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವ ಊರಿದು. ಹಳೇ ಕೂಲರಿನ ಮೋಟರು ಕೊಳ್ಳುವವರು ಬರುವುದೂ ಆಗಲೇ, ಮಾರುವವರು ಬೇಯುವುದೂ ಆಗಲೇ. ಮೋಟರು ತಿರುಗುತ್ತದೋ ಇಲ್ಲವೋ ಎಂದು ಹಚ್ಚಿ ತೋರಿಸಲು ಒಂದು ಪ್ಲಗ್ ಬೇಕು. ಬಯಲಿನಲ್ಲಿ ಅದೆಲ್ಲಿಂದ ಬರಬೇಕು? ಮಾತಿನ ನಂಬಿಕೆಯ ಮೇಲೆ ಕೊಂಡೊಯ್ಯಬೇಕು, ಇಲ್ಲವೇ ಅರ್ಧ ಬೆಲೆಗೆ ಕೇಳಬೇಕು. ಸೂರಿಲ್ಲದ್ದರ ನಷ್ಟ ಇಬ್ಬರಿಗೂ ತಟ್ಟುತ್ತದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ‘ಸಹಜ ಮಾರುಕಟ್ಟೆ’ಯನ್ನು, ಅಂದರೆ ಮಾರುವವರೂ ಕೊಳ್ಳುವವರೂ ರೂಢಿಯಿಂದ ಕೂಡುವ ಜಾಗವನ್ನು, ಗುರುತಿಸಿದೆ. 50 ವರ್ಷ ದಾಟಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಎಂದು ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು ಎನ್ನುತ್ತದೆ. ದೊಡ್ಡ ಆಸರೆಯೇ ಇದು. ಆದರೆ ಎಬ್ಬಿಸದಿದ್ದ ಮಾತ್ರಕ್ಕೆ ನೆರಳು ಸಿಗುವುದಿಲ್ಲ.

ಆಮ್‌ಸ್ಟರ್‌ಡಾಮಿನಲ್ಲಿ ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದ ಶೆಡ್ಡುಗಳಲ್ಲಿ ಈಗ ಹಳೇ ಸಾಮಾನಿನ ದೊಡ್ಡ ಬಜಾರು ಕೂಡುತ್ತದೆ. ಚಳಿಗಾಲಕ್ಕೆ ಒಳಗೆ, ಬೇಸಿಗೆಗೆ ಹೊರಗೆ. ನಮ್ಮಲ್ಲಿ ಇದು ತಿರುವುಮುರುವಾಗಬೇಕು, ಅಷ್ಟೇ. ಹಾಗೆಂದು ಕಂಡ ಕಟ್ಟಡಕ್ಕೆಲ್ಲ ಕೈಹಾಕುವುದೂ ತರವಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾ 1472ರದು. ಪಾಠ ನಡೆಯುತ್ತಿದ್ದ ಆ ಕಟ್ಟಡದಲ್ಲಿ ಔರಂಗಜೇಬನ ಕಾಲಕ್ಕೆ ಮದ್ದಿನ ಪುಡಿ ತುಂಬಿಸಿದರು. 17ನೇ ಶತಮಾನದ ಕೊನೆಗೆ ಅದು ಸಿಡಿದು, ಒಂದು ಮಿನಾರು ಸಮೇತ ಮುಂಭಾಗದ ಒಂದು ಪಾಲೇ ಹೋಯಿತು. ಅಂಥ ಸ್ಮಾರಕಗಳನ್ನು ಮುಟ್ಟದೆ, ಬಳಕೆ ತಪ್ಪಿದ ಗೋದಾಮು, ಶೆಡ್ಡುಗಳನ್ನು ವಾರಕ್ಕೊಂದು ದಿನ ತೆರೆದರೂ ಸಾಕು.

ಅದೇ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪ್ರತಿಶತ ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಯಾವ ಶೆಡ್ಡು, ಯಾವ ವಾರ, ಎಷ್ಟು ಪ್ಲಗ್ ಎಂಬ ಪಟ್ಟಿಯನ್ನು ಅವರೇ ಆ ಸಭೆಯ ಮುಂದಿಡಲಿ.